ನಡುಹಗಲಿನ ಭಾವಚಿತ್ರಕ್ಕೆ ಫಿಲ್ ಫ್ಲಾಶ್: ನನ್ನ ಅನುಭವ

ನಡುಹಗಲಿನಲ್ಲಿ ಮುಖದ ನೆರಳು ತಿಳಿಗೊಳಿಸಲು ಫ್ಲಾಶ್ (ಇದೇ ಫಿಲ್ ಫ್ಲಾಶ್) ಹಾಕಿದರೆ ಮುಖ ಸುಣ್ಣ ಬಳಿದಂತೆ ಬರುತ್ತದೆ, ಆ ಹೊತ್ತಿನಲ್ಲಿ ಭಾವಚಿತ್ರವನ್ನೇ ತೆಗೆಯಬಾರದು ಎನ್ನುತ್ತಿದ್ದ ಮಿತ್ರರೇ ಈಗ ನನ್ನ ಸೆಟ್ಟಿಂಗ್ ಕೇಳುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಹೆಚ್ಚು ಹಣ ಹೋದದ್ದು ಹೈಸ್ಪೀಡ್ ಸಿಂಕ್‌ನ (ಅತಿ ವೇಗದ ಶಟರ್‌ನಲ್ಲೂ ಫ್ಲಾಶ್ ಬೆಳಗಿಸುವ ವಿಧಾನದ) ಬೆನ್ನು ಹತ್ತಿ. ಅದಕ್ಕೆಂದೇ ಕೊಂಡ ದುಬಾರಿ ಫ್ಲಾಶ್ 1/3200 ಸೆಕೆಂಡಿನ ಶಟರ್ ವೇಗದಲ್ಲಿ ಬೆಳಗುತ್ತಿತ್ತೇನೋ ನಿಜ, ಆದರೆ ಶಕ್ತಿಯ ಬಹುಪಾಲು ಅಲ್ಲೇ ಸೋರಿಹೋಗಿ, ಬೆಳಕನ್ನು ಮೃದುಗೊಳಿಸುವ ಡಿಫ್ಯೂಸರ್ ಹಾಕಿದ ಮೇಲೆ ಮುಖಕ್ಕೆ ತಲುಪುವ ಬೆಳಕು ಲೆಕ್ಕಕ್ಕೇ ಸಿಗುತ್ತಿರಲಿಲ್ಲ. ಬಿಡುವಿಲ್ಲದೆ ತೆಗೆದರೆ ಫ್ಲಾಶ್ ಕಾದು ತಾನೇ ನಿಂತುಬಿಡುತ್ತಿತ್ತು. ಕೊನೆಗೆ ಅದನ್ನು ಸುಮಾರು ಅರ್ಧ ಬೆಲೆಗೆ ಮಾರಿದೆ. ಲೆನ್ಸಿನ ಮೂಲಕ ಬರುವ ಬೆಳಕನ್ನು ಅಳೆದು ಫ್ಲಾಶ್ ಶಕ್ತಿಯನ್ನು ತಾನೇ ನಿರ್ಧರಿಸುವ ಟಿಟಿಎಲ್ ಕೂಡ ಕೈಹಿಡಿಯಲಿಲ್ಲ: ಬಿಳಿ ಅಂಗಿ ಕಂಡೊಡನೆ ಫ್ಲಾಶ್ ಕುಗ್ಗುತ್ತಿತ್ತು, ಕಪ್ಪು ಉಡುಪಿಗೆ ಹಿಗ್ಗುತ್ತಿತ್ತು.

ಕೆಲಸಕ್ಕೆ ಬಂದದ್ದು ಆ ಫ್ಲಾಶ್‌ನ ಬೆಲೆಯ ಸಣ್ಣದೊಂದು ಪಾಲಿಗೆ ಸಿಕ್ಕ, ಲೆನ್ಸಿಗೆ ಬರುವ ಬೆಳಕನ್ನು ಎಂಟನೇ ಒಂದಕ್ಕೆ ಇಳಿಸುವ ಎನ್‌ಡಿ8 ಫಿಲ್ಟರ್. ಐಎಸ್‌ಒ (ಬೆಳಕಿಗೆ ಸಂವೇದನೆಯ ಮಟ್ಟ) 100, ಲೆನ್ಸಿನ ದ್ವಾರ ಎಫ್/4ರಲ್ಲಿ ಬಿಸಿಲು ಕೇಳುವ 1/1600 ಶಟರ್, ಮೂರು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕಿಳಿಯುವುದು ಇಲ್ಲವೇ ಇಮ್ಮಡಿಯಾಗುವುದು) ಇಳಿದು 1/200ಕ್ಕೆ ಬರುತ್ತದೆ. ಸಾಧಾರಣ ಫ್ಲಾಶ್ ಹೊಂದಿಕೊಳ್ಳುವ ಗರಿಷ್ಠ ಶಟರ್ ವೇಗವಾದ ಸಿಂಕ್ ಮಿತಿಯೊಳಗೇ ಇರುವುದರಿಂದ ಹಳೆಯ ಮ್ಯಾನುಯಲ್ ಫ್ಲಾಶ್ ಸಾಕು. ಸೂರ್ಯನನ್ನು ವ್ಯಕ್ತಿಯ ಬೆನ್ನಿಗೆ ಬಿಟ್ಟು, ಮೊದಲು ಫ್ಲಾಶ್ ಆಫ್ ಮಾಡಿ ಹಿನ್ನೆಲೆಗೆ ಎಕ್ಸ್‌ಪೋಷರ್ ಹೊಂದಿಸಿ, ಆಮೇಲೆ ಕ್ಯಾಮೆರಾದಿಂದ ಬೇರ್ಪಡಿಸಿದ ಫ್ಲಾಶ್ ಅನ್ನು ಮುಖದಿಂದ ಸುಮಾರು ಒಂದೂವರೆ ಮೀಟರ್ ದೂರದಲ್ಲಿ, ಕಣ್ಣಿಗಿಂತ ತುಸು ಮೇಲೆ ನಿಲ್ಲಿಸುತ್ತೇನೆ. ಡಿಫ್ಯೂಸರ್ ಸಹಿತ ಕಾಲು ಶಕ್ತಿ ಆಸುಪಾಸಿನಲ್ಲಿ ಹೊಂದುತ್ತದೆ. ಫ್ಲಾಶ್ ಬೆಳಕು ಬಿಸಿಲಿಗಿಂತ ಒಂದೂವರೆ ಸ್ಟಾಪ್ ಕಡಿಮೆ ಇದ್ದರೆ ಕಣ್ಣುಗುಳಿಯ ನೆರಳು ತಿಳಿಯಾಗುತ್ತದೆ, ಫ್ಲಾಶ್ ಹಾಕಿದ್ದೇ ಗೊತ್ತಾಗುವುದಿಲ್ಲ. ಅಷ್ಟು ನಾಜೂಕಾಗಿ ಹೊಂದಿಸಿದ ಹಗಲಿನ ಚಿತ್ರಗಳನ್ನು ನಾನು ಹೆಚ್ಚು ಕಂಡಿಲ್ಲ.

ಎನ್‌ಡಿ ಬದಲು ಪೋಲರೈಸರ್ ಹಾಕಿಯೂ ನೋಡಿದೆ. ಎಲೆಗಳ ಹೊಳಪು ಇಳಿದು ಹಸಿರು ಗಾಢವಾಗುತ್ತದೆ, ಆದರೆ ಅದು ತಡೆಯುವುದು ಒಂದೂವರೆ ಎರಡು ಸ್ಟಾಪ್ ಮಾತ್ರ. ವೈಡ್ ಲೆನ್ಸಿನಲ್ಲಿ ಆಕಾಶದ ನೀಲಿಯೂ ಏರುಪೇರಾಗುತ್ತದೆ. ಬಿಳಿ ರಿಫ್ಲೆಕ್ಟರ್ ಅನ್ನು ಗಾಳಿ ಎಳೆದಾಡುತ್ತದೆ, ಅದರ ಪ್ರತಿಫಲನಕ್ಕೆ ಎದುರಿನವರು ಕಣ್ಣು ಕಿರಿದು ಮಾಡುತ್ತಾರೆ.

ಬಿಸಿಲು ಇಳಿದು ಹಳದಿಯಾದಾಗ ಫ್ಲಾಶ್ ಬೆಳಕು ಮುಖವನ್ನು ನೀಲಿಯಾಗಿ ತೋರಿಸುತ್ತದೆ; ಆಗ ಫ್ಲಾಶ್ ಬೆಳಕಿಗೆ ತುಸು ಕಿತ್ತಳೆ ಛಾಯೆ ಕೊಡುವ ಕಾಲು ಸಿಟಿಒ ಜೆಲ್ (ತೆಳುವಾದ ಬಣ್ಣದ ಹಾಳೆ) ಅಂಟಿಸುತ್ತೇನೆ. ಅದರ ಮೇಲೆ ಇನ್ನೊಂದು ತೆಳುಪದರವೂ ಇರುತ್ತದೆ. ಅದು ಯಾವುದೆಂಬುದನ್ನು ಸದ್ಯಕ್ಕೆ ಹೇಳಲಾರೆ.