ಕುಸಿಯಿತೋ, ಕೆಟ್ಟಿತೋ, ಕೈಕೊಟ್ಟಿತೋ?

ಪತ್ರಿಕೆಯ ಡೆಸ್ಕಿಗೆ ಸೇರಿದ ಮೊದಲ ವರ್ಷ. ರಾತ್ರಿ ಪಾಳಿ. ಎರಡು ವಿದೇಶಿ ಕಂಪನಿಗಳ ವಿಲೀನದ ಸುದ್ದಿ ಇಂಗ್ಲಿಷಿನಲ್ಲಿ ಬಂದಿತ್ತು. ‘ಡೀಲ್ ಫೆಲ್ ಥ್ರೂ’ ಎಂದಿತ್ತು. ನನ್ನ ಕಣ್ಣಿಗೆ ಬಿದ್ದದ್ದು ‘ಥ್ರೂ’ ಮಾತ್ರ. ‘ವೆಂಟ್ ಥ್ರೂ’ ಎಂದರೆ ಕೆಲಸ ಆಯಿತು ಎಂದು ಗೊತ್ತಿತ್ತಲ್ಲ, ಇದೂ ಅದೇ ಜಾತಿ ಇರಬೇಕು ಎಂದುಕೊಂಡು ‘ಒಪ್ಪಂದ ಕುದುರಿತು’ ಎಂದು ತಲೆಬರಹ ಕೊಟ್ಟೆ. ಪುಟ ಅಚ್ಚಿಗೆ ಹೋಗುವ ಮುಂಚೆ ನಮ್ಮ ಚೀಫ್ ಸಬ್, ಅಂದರೆ ಮುಖ್ಯ ಉಪಸಂಪಾದಕರ ಕಣ್ಣಿಗೆ ಬಿತ್ತು. ‘ಏನ್ರೀ ಇದು, ಮದುವೆ ಮುರಿದ ಮನೆಗೆ ಊಟಕ್ಕೆ ಕರೀತಿದೀರಲ್ಲ!’ ಎಂದರು. ಒಪ್ಪಂದ ಮುರಿದುಬಿದ್ದಿತ್ತು.

ಮರುದಿನವೇ ಒಂದು ನೋಟ್‌ಬುಕ್ ಶುರು ಮಾಡಿದೆ. ಬೀಳುವ, ಕೆಡುವ, ಮುಳುಗುವ ಇಂಗ್ಲಿಷ್ ಮಾತುಗಳಿಗೇ ಮೀಸಲು. ಮೊದಲು ಡಿಕ್ಷನರಿ ನೋಡಿ ತುಂಬಿಸುತ್ತಿದ್ದೆ. ಉಪಯೋಗವಾಗಲಿಲ್ಲ. ಅರ್ಧಕ್ಕರ್ಧ ಮಾತುಗಳ ಮುಂದೆ ‘ವಿಫಲವಾಗು’ ಎಂದೇ ಬಂದು ಕೂತಿತ್ತು. ಆಮೇಲೆ ಒಂದು ಉಪಾಯ ಹೊಳೆಯಿತು. ಬಿದ್ದದ್ದು ಬೀಳುವ ಮುಂಚೆ ಹೇಗಿತ್ತು? ನಿಂತಿತ್ತೋ, ನಡೆಯುತ್ತಿತ್ತೋ, ಇನ್ನೂ ಆಗಬೇಕಿತ್ತೋ? ನಿಂತಿದ್ದ ಸೇತುವೆ ‘ಕೊಲ್ಯಾಪ್ಸ್’ ಆಗುತ್ತದೆ. ಓಡುತ್ತಿದ್ದ ಬಸ್ಸು, ನಡೆಯುತ್ತಿದ್ದ ಮಾತುಕತೆ ‘ಬ್ರೇಕ್ ಡೌನ್’ ಆಗುತ್ತವೆ. ಆಗಬೇಕಿದ್ದ ವ್ಯವಹಾರ ‘ಫಾಲ್ ಥ್ರೂ’ ಆಗುತ್ತದೆ. ಇಷ್ಟು ಗೊತ್ತಾದರೆ ಕನ್ನಡ ತಾನಾಗಿ ಬರುತ್ತದೆ. ಸೇತುವೆ ಕುಸಿಯುತ್ತದೆ, ಬಸ್ಸು ಕೆಟ್ಟು ನಿಲ್ಲುತ್ತದೆ, ಮಾತುಕತೆ ಮುರಿದುಬೀಳುತ್ತದೆ, ವ್ಯವಹಾರ ಕೈತಪ್ಪುತ್ತದೆ. ಸರ್ಕಾರ ಮಾತ್ರ ಇಂಗ್ಲಿಷಿನಲ್ಲಿ ‘ಕೊಲ್ಯಾಪ್ಸ್’ ಆದರೂ ನಮ್ಮಲ್ಲಿ ಬೀಳುತ್ತದೆ, ಇಲ್ಲವೇ ಉರುಳುತ್ತದೆ.

ಈ ‘ಕೊಲ್ಯಾಪ್ಸ್’ ನನ್ನನ್ನು ಜಾಸ್ತಿ ಕಾಡಿದ ಪದ. 2021ರ ಜೂನ್ 12ರಂದು ಕೋಪನ್‌ಹೇಗನ್‌ನಲ್ಲಿ ಡೆನ್ಮಾರ್ಕ್–ಫಿನ್ಲೆಂಡ್ ಯೂರೋ ಫುಟ್‌ಬಾಲ್ ಪಂದ್ಯ ನಡೆಯುತ್ತಿತ್ತು. ನಮ್ಮಲ್ಲಿ ರಾತ್ರಿ ಹತ್ತು ದಾಟಿತ್ತು. ಡೆನ್ಮಾರ್ಕ್ ಆಟಗಾರ ಕ್ರಿಶ್ಚಿಯನ್ ಎರಿಕ್ಸನ್ ಮೈದಾನದಲ್ಲೇ ‘ಕೊಲ್ಯಾಪ್ಸ್ಡ್’ ಎಂದು ಸುದ್ದಿ ಬಂತು. ‘ಕುಸಿದುಬಿದ್ದ ಎರಿಕ್ಸನ್’ ಎಂದು ಬರೆದು ಕೈ ತಡೆದೆ. ಯಾಕೆಂದರೆ ‘ಕುಸಿದುಬಿದ್ದು’ ಎಂದ ಕೂಡಲೇ ‘ಸಾವು’ ಎಂದು ಸೇರಿಸಿಕೊಂಡು ಓದುವ ಅಭ್ಯಾಸವನ್ನು ನಮ್ಮ ತಲೆಬರಹಗಳೇ ಓದುಗರಿಗೆ ಮಾಡಿಸಿವೆ. ಇಂಗ್ಲಿಷ್ ಪದದಲ್ಲಿ ಸಾವು ಇಲ್ಲ, ಬಿದ್ದದ್ದಷ್ಟೇ ಇದೆ. ಅವರಿಗೆ ಪ್ರಜ್ಞೆ ಬಂದಿದೆ ಎಂಬುದು ಖಚಿತವಾಗುವ ತನಕ ಕಾದು, ಅದನ್ನೂ ತಲೆಬರಹದಲ್ಲೇ ಸೇರಿಸಿದೆ. ಮುಂದಿನ ಫೆಬ್ರವರಿಯಲ್ಲಿ ಅವರು ಮತ್ತೆ ಆಡಿದರು.

ಕ್ರಿಕೆಟ್ಟಿನಲ್ಲಿ ಈ ತಲೆನೋವಿಲ್ಲ. 2024ರ ಅಕ್ಟೋಬರ್ 17ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನ್ಯೂಜಿಲೆಂಡ್ ಎದುರು ಭಾರತ 46ಕ್ಕೆ ಆಲೌಟ್ ಆಯಿತು. ಐವರು ಸೊನ್ನೆ ಸುತ್ತಿದರು. ತವರಿನ ಟೆಸ್ಟ್‌ಗಳಲ್ಲಿ ಭಾರತದ ಅತಿ ಕಡಿಮೆ ಮೊತ್ತ ಅದು. ಇಂಗ್ಲಿಷಿನ ‘ಕೊಲ್ಯಾಪ್ಸ್’ಗೆ ‘ಕುಸಿತ’ ಸರಿಯಾಗಿಯೇ ಕೂರುತ್ತದೆ. ಆದರೂ ‘ವಿಕೆಟ್‌ಗಳು ಉದುರಿದವು’ ಎಂದರೆ ಒಂದರ ಹಿಂದೊಂದು ಹೋದದ್ದು ಕಣ್ಣಿಗೆ ಕಟ್ಟುತ್ತದೆ. ತರಗೆಲೆಯನ್ನು ಮಾತ್ರ ಎಳೆದು ತರಬೇಡಿ. ಅದು ಉದುರಿ ಉದುರಿ ಸವೆದುಹೋಗಿದೆ.

ಬ್ಯಾಂಕಿನ ಸುದ್ದಿ ಬಂದರೆ ಹುಷಾರಾಗುತ್ತೇನೆ. 2023ರ ಮಾರ್ಚ್ 10ರಂದು ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕ್ ಬಿದ್ದಾಗ ‘ಬ್ಯಾಂಕ್ ದಿವಾಳಿ’ ಎಂದು ಬರೆಯಲು ಕೈ ತುರಿಸುತ್ತಿತ್ತು. ಆದರೆ ದಿವಾಳಿ ಎನ್ನುವುದು ಕೋರ್ಟಿನ ಮಾತು. ಅಲ್ಲಿ ಆದದ್ದು ಬೇರೆ. ಬ್ಯಾಂಕನ್ನು ಅಧಿಕಾರಿಗಳೇ ಮುಚ್ಚಿಸಿ ಠೇವಣಿ ವಿಮಾ ಸಂಸ್ಥೆಗೆ ಒಪ್ಪಿಸಿದ್ದರು. ದಿವಾಳಿ ಅರ್ಜಿ ಹಾಕಿದ್ದು ಅದರ ಮಾತೃಸಂಸ್ಥೆ, ಅದೂ ಒಂದು ವಾರದ ನಂತರ. ಹಾಗಾಗಿ ‘ಬಾಗಿಲು ಮುಚ್ಚಿದ ಬ್ಯಾಂಕ್’ ಎಂದೆ. ‘ಫೌಂಡರ್’ ಎಂಬ ಇನ್ನೊಂದು ತರಲೆ ಪದವಿದೆ. ಹಡಗು ಮುಳುಗಿದರೂ ಅದೇ, ಕಂಪನಿಯ ಸ್ಥಾಪಕನೂ ಅದೇ. ‘ಫ್ಲೌಂಡರ್’ ಎಂದರೆ ಮುಳುಗಿಲ್ಲ, ಇನ್ನೂ ಒದ್ದಾಡುತ್ತಿದೆ.

ನುಡಿಗಟ್ಟುಗಳ ಪುಟ ತೆರೆದರೆ ನನಗೇ ನಗು ಬರುತ್ತದೆ. ‘ಬೆಲ್ಲಿ ಅಪ್’ ಎಂದರೆ ಸತ್ತ ಮೀನು ಹೊಟ್ಟೆ ಮೇಲೆ ಮಾಡಿಕೊಂಡು ತೇಲುವ ಚಿತ್ರ. ನಮ್ಮಲ್ಲಿ ಸೋತ ಸಿನಿಮಾ ಮಕಾಡೆ ಮಲಗುತ್ತದೆ. ಅವರದು ಅಂಗಾತ, ನಮ್ಮದು ಬೋರಲು! ‘ಡೌನ್ ದ ಡ್ರೇನ್’ ಬಂದರೆ ಚರಂಡಿ ಹುಡುಕಬೇಕಿಲ್ಲ, ನಮ್ಮ ಯೋಜನೆಗಳು ಹಳ್ಳ ಹಿಡಿಯುತ್ತವೆ. ‘ಗೇವ್ ಔಟ್’ ಎಂದರೆ ಕೈಕೊಟ್ಟಿತು. ಮಳೆ, ಕರೆಂಟು, ಮಂಡಿ ಎಲ್ಲವೂ ಕೈಕೊಡುತ್ತವೆ. ಇಂಗ್ಲಿಷಿನವರು ಕೈ ಕೊಟ್ಟರೆ ಅದು ಸಹಾಯ, ನಾವು ಕೊಟ್ಟರೆ ಮೋಸ.

ನನ್ನ ದೊಡ್ಡ ಜಗಳ ಇರುವುದು ‘ಫೇಲ್ಡ್ ಟು’ ಜೊತೆ. ‘ಸಚಿವರು ಸಭೆಗೆ ಬರಲು ವಿಫಲರಾದರು’ ಎಂದು ಬರೆಯುವವರಿದ್ದಾರೆ. ಬರುವುದೇನು ಪರೀಕ್ಷೆಯಾ? ‘ಬರಲಿಲ್ಲ’ ಎಂದರೆ ಮುಗಿಯಿತು. ಬರಬೇಕಿತ್ತು, ಆದರೂ ಬರಲಿಲ್ಲ ಎಂಬ ಆಕ್ಷೇಪ ಇದ್ದರೆ ‘ಬರಲೇ ಇಲ್ಲ’. ಒಂದು ಏಕಾರ ಸಾಕು.

ಹೋದ ವಾರ ಹೊಸ ಹುಡುಗನೊಬ್ಬ ಅಪಘಾತದ ಸುದ್ದಿ ಅನುವಾದಿಸಿ ತಂದ. ‘ಬ್ರೇಕ್ ಹಾಕಲು ಚಾಲಕ ವಿಫಲನಾದ’ ಎಂದಿತ್ತು. ‘ಬ್ರೇಕ್ ಹಿಡಿಯಲಿಲ್ಲವೋ, ಅವನು ಒತ್ತಲೇ ಇಲ್ಲವೋ?’ ಎಂದು ಕೇಳಿದೆ. ಅವನು ತಲೆ ಕೆರೆದುಕೊಂಡು ಹೋಗಿ ಮೂಲ ತೆರೆದು ನೋಡಿದ. ‘ಬ್ರೇಕೇ ಫೇಲ್ ಆಗಿತ್ತಂತೆ ಸರ್’ ಎಂದ.