ಫ್ರೆಂಚಿನ ಸಮೀಪ ಭವಿಷ್ಯತ್ತು ನನ್ನ ಬಾಯಿಗೆ ಹತ್ತಿದ ಬಗೆ

ದಾವಣಗೆರೆಯ ಚೌಕಿಪೇಟೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಫ್ರೆಂಚ್ ಕಲಿಕೆ ಸಂಜೆ, ಮನೆಯಲ್ಲಿ, ನನ್ನಷ್ಟಕ್ಕೆ ನಾನೇ. ಕಣ್ಣಿಟ್ಟಿರುವುದು ಡೆಲ್ಫ್ ಎ1, ಅಂದರೆ ಫ್ರೆಂಚಿನ ಆರಂಭಿಕ ಹಂತದ ಪರೀಕ್ಷೆಯ ಮೇಲೆ. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ಒಂದೊಂದಕ್ಕೂ 25 ಅಂಕ. ಒಟ್ಟು 50 ಬಂದರೆ ಪಾಸು, ಆದರೆ ಯಾವ ವಿಭಾಗದಲ್ಲೂ 5ಕ್ಕಿಂತ ಕೆಳಗಿಳಿಯುವಂತಿಲ್ಲ. ಜೊತೆಗೆ ಮಾತಾಡಲು ಯಾರೂ ಇಲ್ಲದವರಿಗೆ ಮಾತಿನ ವಿಭಾಗವೇ ಕಷ್ಟ. ಅಲ್ಲಿ ನನ್ನ ಕೈ ಹಿಡಿದದ್ದು ‘ಫ್ಯುತ್ಯೂರ್ ಪ್ರೋಶ್’, ಅಂದರೆ ಸಮೀಪ ಭವಿಷ್ಯತ್ ಕಾಲ.

ಇದರ ಕಟ್ಟು ಸರಳ. ‘ಹೋಗು’ ಎಂಬರ್ಥದ ‘ಅಲೆ’ ಕ್ರಿಯಾಪದದ ವರ್ತಮಾನ ರೂಪ ಮೊದಲು, ಅದರ ಹಿಂದೆ ಮುಖ್ಯ ಕ್ರಿಯಾಪದದ ಮೂಲರೂಪ. ಜ ವೆ ಮಾಂಜೆ, ನಾನು ತಿನ್ನಲಿದ್ದೇನೆ. ತ್ಯು ವಾ ಮಾಂಜೆ, ನೀನು ತಿನ್ನಲಿದ್ದೀಯ. ಅವನಿಗೆ ಇಲ್ ವಾ, ಅವಳಿಗೆ ಎಲ್ ವಾ, ಆಡುಮಾತಿನ ‘ನಾವು’ಗೆ ಓಂ ವಾ. ನಾವು ನೂಜ಼ಲೋಂ, ನೀವು ವೂಜ಼ಲೆ, ಅವರು ಇಲ್ ವೋಂ. ‘ಮಾಂಜೆ’ ಎಲ್ಲೂ ಅಲುಗುವುದಿಲ್ಲ.

ನಾನು ಕೋಷ್ಟಕ ಉರು ಹೊಡೆಯಲಿಲ್ಲ. ಕನ್ನಡದ ಒಳಗಿಂದಲೇ ಹಿಡಿದೆ. ಬರಲಿದ್ದೇನೆ, ಬರಲಿದ್ದಾಳೆ, ಬರಲಿದ್ದಾರೆ: ಇಲ್ಲೂ ‘ಬರಲು’ ಹಾಗೇ ನಿಂತು, ಯಾರು ಎಂಬುದನ್ನು ‘ಇರು’ ಹೇಳುತ್ತದೆ. ಫ್ರೆಂಚಿನಲ್ಲಿ ಆ ಕೆಲಸ ‘ಅಲೆ’ಯದು. ವ್ಯತ್ಯಾಸ ಇಷ್ಟೇ, ನಮ್ಮಲ್ಲಿ ಬಾಲದಲ್ಲಿ ಇರುವುದು ಅಲ್ಲಿ ತಲೆಯಲ್ಲಿ ಇರುತ್ತದೆ. ಹಾಗಾಗಿ ಕನ್ನಡಿಗರು ಈ ಕಾಲಕ್ಕೆ ಹೆದರಬೇಕಿಲ್ಲ, ಕ್ರಮವನ್ನು ಬಾಯಿಗೆ ರೂಢಿಸಿಕೊಂಡರೆ ಸಾಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ರೂಢಿಗೆ ನಾನು ಆರಿಸಿಕೊಂಡದ್ದು ಮನೆಮಂದಿಯ ನಾಳೆ. ಅಂಗಡಿ ಮುಚ್ಚಿ ಮನೆಗೆ ನಡೆಯುವಾಗ ಮರುದಿನ ಯಾರು ಏನು ಮಾಡುತ್ತಾರೆ ಎಂಬುದನ್ನೆಲ್ಲ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ. ಅಮ್ಮ ದೋಸೆ ಮಾಡುತ್ತಾಳೆ: ಎಲ್ ವಾ ಫೇರ್ ದೆ ದೋಸಾ. ತಮ್ಮ ಹರಿಹರಕ್ಕೆ ಹೋಗುತ್ತಾನೆ: ಇಲ್ ವಾ ಅಲೆ ಅ ಹರಿಹರ. ನಾವೆಲ್ಲ ಗಾಜಿನ ಮನೆ ನೋಡುತ್ತೇವೆ, ಅಕ್ಕನ ಮಕ್ಕಳು ಕುಂದವಾಡ ಕೆರೆಯ ಹತ್ತಿರ ಆಡುತ್ತಾರೆ. ಒಬ್ಬೊಬ್ಬರು ನೆನಪಾದಂತೆ ಒಂದೊಂದು ರೂಪ ತಾನಾಗಿ ಬಾಯಿಗೆ ಬರುತ್ತಿತ್ತು. ವ್ಯಕ್ತಿಯ ಮುಖಕ್ಕೆ ರೂಪ ಅಂಟಿದರೆ ಮರೆಯುವುದಿಲ್ಲ.

ಬರೆಯುವಾಗ ಬೇರೆ ಎಚ್ಚರ ಬೇಕು. ‘ತ್ಯು ವಾ’ದ ಕೊನೆಗೆ ಎಸ್ ಇದೆ, ‘ಇಲ್ ವಾ’ಗೆ ಇಲ್ಲ, ಕಿವಿಗೆ ಎರಡೂ ಒಂದೇ. ಮೂಲರೂಪ ‘ಅಲೆ’ಗೆ ಕೊನೆಯಲ್ಲಿ ಆರ್, ‘ವೂ’ ಜೊತೆ ಬರುವ ‘ಅಲೆ’ಗೆ ಜ಼ೆಡ್, ಇವೂ ಕಿವಿಗೆ ಒಂದೇ. ಅದಕ್ಕೇ ರಾತ್ರಿ ಮಲಗುವ ಮುಂಚೆ, ದಾರಿಯಲ್ಲಿ ಹೇಳಿಕೊಂಡ ವಾಕ್ಯಗಳನ್ನೇ ನೋಟ್‌ಬುಕ್ಕಿಗೆ ಇಳಿಸುತ್ತಿದ್ದೆ.

ನಾನು ಹೆಚ್ಚು ಹೊತ್ತು ನಿಂತ ಜಾಗ ನಿಷೇಧ ಮತ್ತು ಸರ್ವನಾಮ. ಕನ್ನಡದ ‘ಇಲ್ಲ’ ವಾಕ್ಯದ ತುದಿಗೆ ಬರುತ್ತದೆ. ಫ್ರೆಂಚಿನ ‘ನ’ ಮತ್ತು ‘ಪಾ’ ಮೊದಲ ಕ್ರಿಯಾಪದವನ್ನು ಎರಡೂ ಕಡೆಯಿಂದ ಹಿಡಿಯುತ್ತವೆ: ಜ ನ ವೆ ಪಾ ಸೋರ್ತೀರ್, ನಾನು ಹೊರಗೆ ಹೋಗುವುದಿಲ್ಲ. ‘ಸೋರ್ತೀರ್’ ಅವುಗಳ ಹಿಡಿತದ ಹೊರಗೆ. ಸರ್ವನಾಮದ ದಾರಿ ಇದಕ್ಕೆ ತಿರುವುಮುರುವು, ಅದು ಎರಡನೆಯ ಕ್ರಿಯಾಪದದ ಮುಂದೆ ಕೂರುತ್ತದೆ: ಜ ವೆ ಲ ಫೇರ್, ಅದನ್ನು ನಾನು ಮಾಡುತ್ತೇನೆ. ಏಳುವುದು, ಮಲಗುವುದು ಮುಂತಾದ ಆತ್ಮಾರ್ಥಕ, ಅಂದರೆ ‘ತನ್ನನ್ನು ತಾನೇ’ ಎಂಬಂಥ ಕ್ರಿಯೆಗಳಲ್ಲಿ ಮೂಲರೂಪ ಬದಲಾಗದಿದ್ದರೂ ಅದರ ಮುಂದಿನ ಸರ್ವನಾಮ ಬದಲಾಗಬೇಕು: ಜ ವೆ ಮ ಲವೆ, ತ್ಯು ವಾ ತ ಲವೆ, ನೂಜ಼ಲೋಂ ನೂ ಲವೆ. ನಿಷೇಧ, ಸರ್ವನಾಮ ಎರಡೂ ಕೂಡಿದಾಗ, ಜ ನ ವೆ ಪಾ ಮ ಲವೆ, ನಾನು ಏಳುವುದಿಲ್ಲ. ಈ ಒಂದೇ ವಾಕ್ಯವನ್ನು ಮನೆಯವರೆಲ್ಲರ ಹೆಸರಿಗೆ ತಿರುಗಿಸಿ ತಿರುಗಿಸಿ ಹೇಳಿದೆ. ಇದೊಂದು ಕೂತರೆ ಉಳಿದದ್ದೆಲ್ಲ ಕೂರುತ್ತದೆ.

ಹವಾಮಾನ ಒಳ್ಳೆಯ ಅಭ್ಯಾಸ. ಜೂನಿನಲ್ಲಿ ಮೋಡ ಕಪ್ಪಾದರೆ ‘ಇಲ್ ವಾ ಪ್ಲೋವ್ವಾರ್’, ಮಳೆ ಬರುತ್ತದೆ. ಕಣ್ಣಮುಂದೆ ಸೂಚನೆ ಇದ್ದಾಗ ಈ ಕಾಲವೇ ಸರಿ. ‘ಇದೆ’ ಎನ್ನುವುದಕ್ಕೆ ‘ಇಲ್ ಯಾ’ ಎಂದು ಕಲಿತವರು ಮುಂದಿನದಕ್ಕೆ ‘ಇಲ್ ವಾ ಇ ಅವ್ವಾರ್’ ಎನ್ನಬೇಕು. ಎರಡು ವರ್ಷಕ್ಕೊಮ್ಮೆ ಬರುವ ನಮ್ಮ ದುಗ್ಗಮ್ಮನ ಜಾತ್ರೆ ಹತ್ತಿರವಾದಾಗ ‘ಇಲ್ ವಾ ಇ ಅವ್ವಾರ್ ಯೂನ್ ಫೆತ್’ ಎಂದು ಹೇಳಿಕೊಳ್ಳುವುದೇ ಒಂದು ಸಂತೋಷ.

‘ಅಲೆ’ಯ ನೆರವಿಲ್ಲದೆ ಕ್ರಿಯಾಪದವೇ ರೂಪ ಬದಲಿಸುವ ಸರಳ ಭವಿಷ್ಯತ್ ಕಾಲವನ್ನೂ ಜೊತೆಗೇ ಕಲಿಯಬೇಕೇ? ಆರಂಭದಲ್ಲಿ ಬೇಡ ಎಂಬುದೇ ನನ್ನ ಅಭಿಪ್ರಾಯ. ಅಲ್ಲಿ ‘ಅಲೆ’ಗೆ ‘ಇರೆ’, ‘ಫೇರ್’ಗೆ ‘ಫರೆ’ ಎಂದು ಧಾತುಗಳೇ ಬದಲಾಗುತ್ತವೆ. ಸಮೀಪ ಭವಿಷ್ಯತ್ತಿನಲ್ಲಿ ಆ ತಾಪತ್ರಯವಿಲ್ಲ. ಹೆಸರಿನಲ್ಲಿ ‘ಸಮೀಪ’ ಇದ್ದರೂ ಫ್ರೆಂಚರು ಆಡುಮಾತಿನಲ್ಲಿ ಮುಂದಿನ ವರ್ಷದ ಯೋಜನೆಗೂ ಇದನ್ನೇ ಬಳಸುತ್ತಾರೆ. ಆದರೆ ಎರಡರ ಧ್ವನಿ ಒಂದೇ ಅಲ್ಲ. ‘ಎಲ್ ವಾ ಅವ್ವಾರ್ ಅಂ ಬೆಬೆ’ ಎಂದರೆ ಆಕೆ ಈಗಾಗಲೇ ಬಸುರಿ ಎಂದು ಅರ್ಥವಾಗುತ್ತದೆ. ‘ಎಲ್ ಓರಾ ಅಂ ಬೆಬೆ’ ಎಂದರೆ ಮುಂದೆ ಯಾವಾಗಲೋ ಮಗುವಾದೀತು ಎಂಬಷ್ಟೇ.

ಇಷ್ಟು ಹಿಡಿತಕ್ಕೆ ಬಂದ ಮೇಲೆ ‘ಅಲೆ’ಯನ್ನು ಭೂತಕಾಲದ ಎಂಪಾರ್ಫೆ ರೂಪಕ್ಕೆ ತಿರುಗಿಸಿ ನೋಡಿ. ‘ಜಾಲೆ ಸೋರ್ತೀರ್’, ಇನ್ನೇನು ಹೊರಡುವುದರಲ್ಲಿದ್ದೆ. ಅಂಗಡಿಯ ಬಾಗಿಲು ಎಳೆಯುವ ಹೊತ್ತಿಗೆ ಯಾರಾದರೂ ಬಿಲ್ ಕೇಳಿಕೊಂಡು ಬಂದರೆ ಈಗ ಮನಸ್ಸಿಗೆ ಮೊದಲು ಬರುವುದು ಅದೇ ವಾಕ್ಯ.