ರೀತ್‌ನಿಂದ ಬಟರ್‌ಟಬ್ಸ್ ಹತ್ತಿ ಬರುವ ಸೈಕಲ್ ಸುತ್ತು: ಗೇರ್, ಗಾಳಿ, ಕುರಿ, ಬ್ರೇಕು

ಉತ್ತರ ಇಂಗ್ಲೆಂಡಿನ ಯಾರ್ಕ್‌ಶೈರ್ ಸೀಮೆಯಲ್ಲಿ ಕಣಿವೆಗೆ 'ಡೇಲ್' ಅನ್ನುತ್ತಾರೆ. ಸ್ವೇಲ್ ನದಿಯ ಕಣಿವೆ ಸ್ವೇಲ್‌ಡೇಲ್. ಅದರ ದಕ್ಷಿಣಕ್ಕೆ, ಒಂದು ಗುಡ್ಡಸಾಲಿನ ಆಚೆ, ವೆನ್ಸ್‌ಲಿಡೇಲ್. ಸ್ವೇಲ್‌ಡೇಲಿನ ರೀತ್ ಹಳ್ಳಿಯಿಂದ ಹೊರಟು ಈ ಸಾಲನ್ನು ಎರಡು ಕಡೆ ದಾಟಿ ಮತ್ತೆ ರೀತ್‌ಗೇ ಬರುವ ಸುತ್ತು 60 ಕಿಲೋಮೀಟರಿಗಿಂತ ತುಸು ಕಡಿಮೆ. ಬೆಂಗಳೂರಿನ ಸುತ್ತ ದಿನಕ್ಕೆ ನೂರು ಕಿಲೋಮೀಟರ್ ತುಳಿದು ಅಭ್ಯಾಸವಿದ್ದು, ಓದಿಗೋ ಕೆಲಸಕ್ಕೋ ಇಂಗ್ಲೆಂಡಿಗೆ ಬಂದವರಿಗೆ ಇದು ಅರ್ಧ ದಿನದ ಸವಾರಿ ಅನ್ನಿಸಬಹುದು. ಆ ಲೆಕ್ಕ ಇಲ್ಲಿ ಕೈಕೊಡುತ್ತದೆ.

ನಮ್ಮ ಘಾಟಿ ರಸ್ತೆಗಳು ತಿರುವಿನ ಮೇಲೆ ತಿರುವು ಹಾಕಿ ಏರನ್ನು ಹಂಚಿಕೊಡುತ್ತವೆ. ಆಗುಂಬೆಯಲ್ಲಾಗಲಿ ನಂದಿಬೆಟ್ಟದಲ್ಲಾಗಲಿ ಒಂದು ಲಯ ಹಿಡಿದರೆ ಮೇಲಿನವರೆಗೂ ಸಾಗುತ್ತದೆ. ಡೇಲ್ಸ್‌ನ ಸಣ್ಣ ರಸ್ತೆಗಳು ಹಾಗಲ್ಲ. ಹಳೆಯ ಹಾದಿಗಳ ಮೇಲೆಯೇ ಡಾಂಬರು ಬಿದ್ದಿರುವುದರಿಂದ ಗುಡ್ಡಕ್ಕೆ ನೆಟ್ಟಗೆ ಮುಖಮಾಡಿ ಹತ್ತುತ್ತವೆ, ಸ್ವಲ್ಪ ಸಮವಾಗುತ್ತವೆ, ಮತ್ತೆ ಗೋಡೆಯ ಹಾಗೆ ನಿಲ್ಲುತ್ತವೆ. ಆದ್ದರಿಂದ ತಯಾರಿಯೆಲ್ಲ ಆ ದಿನದ ಅತಿ ಕಡಿದಾದ ಮುನ್ನೂರು ಮೀಟರಿಗೆ ತಕ್ಕಂತೆ ಇರಬೇಕು.

ಏರನ್ನು ನಕ್ಷೆಯಲ್ಲೇ ಓದಿ

ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್ನೆನ್ಸ್ ಸರ್ವೇಯ 1:50,000 ಪ್ರಮಾಣದ ಲ್ಯಾಂಡ್‌ರೇಂಜರ್ ನಕ್ಷೆಗಳಲ್ಲಿ 98ನೆಯದು ಈ ಭಾಗದ್ದು. ರಸ್ತೆಯ ಮೇಲೆ ಬಾಣದ ತಲೆಯಂಥ ಗುರುತು ಒಂದೇ ಇದ್ದರೆ ಶೇ 14ರಿಂದ 20ರ ಏರು. ಎರಡು ಇದ್ದರೆ ಶೇ 20ಕ್ಕೂ ಹೆಚ್ಚು. ಬಾಣದ ಮೊನೆ ಇಳಿಜಾರಿನ ಕಡೆಗಿರುತ್ತದೆ. ಇದನ್ನು ತಿರುವುಮುರುವಾಗಿ ಓದಿಕೊಂಡು ಇಳಿಯುತ್ತೇವೆಂದುಕೊಂಡ ಕಡೆ ಹತ್ತಬೇಕಾಗಿ ಬರುವುದು ಹೊಸಬರ ಸಾಮಾನ್ಯ ತಪ್ಪು. ರಸ್ತೆ ಬದಿಯ ಫಲಕದಲ್ಲಿ ಶೇ 17 ಎಂದರೆ ಹಳೆಯ ಲೆಕ್ಕದ ಆರಕ್ಕೆ ಒಂದು. ಶೇ 25 ಎಂದರೆ ನಾಲ್ಕಕ್ಕೆ ಒಂದು.

ಹೊತ್ತಿನ ಅಂದಾಜಿಗೆ, ಸಮತಟ್ಟಿನಲ್ಲಿ ಗಂಟೆಗೆ 18 ಕಿಲೋಮೀಟರ್ ಎಂದು ಹಿಡಿದು, ಪ್ರತಿ 10 ಮೀಟರ್ ಏರಿಕೆಗೆ ಒಂದು ನಿಮಿಷ ಸೇರಿಸಿ. ಈ ಸುತ್ತಿನ ಒಟ್ಟು ಏರಿಕೆ 800 ಮೀಟರ್ ದಾಟುತ್ತದೆ. ಅಂದರೆ ಬರೀ ತುಳಿಯುವುದಕ್ಕೇ ನಾಲ್ಕೂವರೆಯಿಂದ ಐದು ಗಂಟೆ. ಊಟ, ಪಂಕ್ಚರ್, ಗೇಟು ತೆಗೆದು ಹಾಕುವುದು ಎಲ್ಲ ಸೇರಿದರೆ ಏಳು. ಜೂನಿನಲ್ಲಿ ರಾತ್ರಿ ಒಂಬತ್ತೂವರೆವರೆಗೂ ಬೆಳಕಿರುವುದರಿಂದ ಚಿಂತೆಯಿಲ್ಲ; ಡಿಸೆಂಬರಿನಲ್ಲಿ ಸಂಜೆ ನಾಲ್ಕರೊಳಗೆ ಸೂರ್ಯ ಮುಳುಗುತ್ತಾನೆ, ಆಗ ಈ ಸುತ್ತು ಬೇಡ.

ಗೇರ್

ಇಲ್ಲಿ ಕಂಜೂಸಿತನ ಬೇಡ. ಸವಾರ, ಸೈಕಲ್, ಸಾಮಾನು ಸೇರಿ 90 ಕಿಲೋ ಎಂದುಕೊಳ್ಳಿ, ಏರು ಶೇ 17. ಮುಂದಿನ ಹಲ್ಲುಚಕ್ರಕ್ಕೆ 34 ಹಲ್ಲು, ಹಿಂದಿನದಕ್ಕೆ 28 ಹಲ್ಲಿರುವ ಗೇರಿನಲ್ಲಿ ನಿಮಿಷಕ್ಕೆ 50 ಸುತ್ತು ತುಳಿದರೆ ವೇಗ ಗಂಟೆಗೆ ಸುಮಾರು 7.6 ಕಿಲೋಮೀಟರ್. ಅದಕ್ಕೆ ಬೇಕಾದ ಶಕ್ತಿ, ಗಾಳಿ ಮತ್ತು ಟೈರಿನ ಘರ್ಷಣೆ ಬಿಟ್ಟೇ, 318 ವ್ಯಾಟ್. ವಾರಾಂತ್ಯಕ್ಕೆ ಸೈಕಲ್ ಹೊಡೆಯುವವರಲ್ಲಿ ಹೆಚ್ಚಿನವರ ಕಾಲು ಇದನ್ನು ಎರಡು ನಿಮಿಷ ತಾಳುವುದಿಲ್ಲ. ಹಿಂದೆ 34 ಹಲ್ಲಾದರೆ 263 ವ್ಯಾಟ್. ಮುಂದೆ 30, ಹಿಂದೆ 36 ಹಾಕಿದರೆ 219ಕ್ಕೆ ಇಳಿಯುತ್ತದೆ, ವೇಗ ಐದು ಚಿಲ್ಲರೆ ಕಿಲೋಮೀಟರ್. ನಡಿಗೆಗಿಂತ ಸ್ವಲ್ಪ ಮುಂದೆ, ಅಷ್ಟೇ. ಆದರೆ ಮೊಣಕಾಲು ಉಳಿಯುತ್ತದೆ, ಎರಡನೆಯ ಗುಡ್ಡಕ್ಕೂ ಕಾಲಲ್ಲಿ ಕಸುವಿರುತ್ತದೆ. ಸಾಮಾನು ಹೇರಿಕೊಂಡು ಹೋಗುವವರು ಮುಂದಿನ ಹಲ್ಲುಚಕ್ರಕ್ಕಿಂತ ಹಿಂದಿನದು ದೊಡ್ಡದಿರುವ ಒಂದು ಗೇರಾದರೂ ಇಟ್ಟುಕೊಳ್ಳಲೇಬೇಕು.

ಬರೀ ಕ್ಯಾಸೆಟ್, ಅಂದರೆ ಹಿಂದಿನ ಹಲ್ಲುಚಕ್ರಗಳ ಗೊಂಚಲು, ಬದಲಿಸಿದರೆ ಕೆಲಸ ಮುಗಿಯುವುದಿಲ್ಲ. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವುದು ಡಿರೇಲರ್; ಅದರಲ್ಲಿ ಚೈನು ಹಾಯುವ ಚೌಕಟ್ಟು ಕೇಜು. ಹಳೆಯ ರೋಡ್ ಬೈಕಿನ ಗಿಡ್ಡ ಕೇಜಿನ ಡಿರೇಲರ್ ಸಾಮಾನ್ಯವಾಗಿ 28–30 ಹಲ್ಲಿಗೆ ಮುಗಿಯುತ್ತದೆ. 34ಕ್ಕೆ ಉದ್ದ ಕೇಜಿನದು ಬೇಕು. ಚೈನಿನ ಉದ್ದವನ್ನೂ ನೋಡಬೇಕು. ಡಿರೇಲರಿನೊಳಗೆ ತೂರಿಸದೆ, ಮುಂದಿನ ಅತಿ ದೊಡ್ಡ ಹಲ್ಲುಚಕ್ರ ಮತ್ತು ಹಿಂದಿನ ಅತಿ ದೊಡ್ಡದರ ಮೇಲೆ ಚೈನನ್ನು ಸುತ್ತಿ ಎರಡು ತುದಿ ಕೂಡುವ ಜಾಗ ಗುರುತಿಸಿ, ಅದಕ್ಕೆ ಒಂದು ಇಂಚು, ಅಂದರೆ ಎರಡು ಕೊಂಡಿ ಸೇರಿಸಿ. ಇದಕ್ಕಿಂತ ಗಿಡ್ಡವಾದರೆ, ಆಯಾಸದಲ್ಲಿ ಒಮ್ಮೆ ತಪ್ಪಿ ದೊಡ್ಡದಕ್ಕೆ ದೊಡ್ಡದು ಬಿದ್ದಾಗ ಡಿರೇಲರ್ ಕಿತ್ತುಕೊಂಡು ಬರುತ್ತದೆ.

ಟೈರು 32ರಿಂದ 35 ಮಿಲಿಮೀಟರ್ ಇರಲಿ. 35ರ ಟೈರಿಗೆ ಗಾಳಿಯ ಒತ್ತಡ ಹಿಂದೆ 55, ಮುಂದೆ 50 ಪಿಎಸ್‌ಐ ಸಾಕು. ಮಡ್‌ಗಾರ್ಡ್ ಬೇಕೇ ಬೇಕು.

ಯಾವ ದಿಕ್ಕಿಗೆ ಹೊರಡಬೇಕು

ಇಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮ, ನೈಋತ್ಯದಿಂದ ಬೀಸುತ್ತದೆ. ಆದ್ದರಿಂದ ಮೊದಲು ಪಶ್ಚಿಮಕ್ಕೆ ಹೋಗಿ. ಕಾಲು ಹೊಸದಾಗಿರುವಾಗ, ಕಣಿವೆಯ ಕಲ್ಲುಗೋಡೆಗಳ ಮರೆಯಲ್ಲಿ, ಎದುರುಗಾಳಿಯನ್ನು ಮುಗಿಸಿಬಿಡಬಹುದು. ಸಂಜೆ ವೆನ್ಸ್‌ಲಿಡೇಲಿನಲ್ಲಿ ಅದೇ ಗಾಳಿ ಬೆನ್ನಿಗೆ ಬರುತ್ತದೆ.

ರೀತ್‌ನಿಂದ ಗನ್ನರ್‌ಸೈಡ್, ಮ್ಯೂಕರ್ ಮೂಲಕ ಥ್ವೇಟ್‌ವರೆಗೆ ಸುಮಾರು 17 ಕಿಲೋಮೀಟರ್. ನದಿಯ ಪಕ್ಕದ ರಸ್ತೆಯಾದರೂ ಸಮತಟ್ಟಲ್ಲ, ಏರಿಳಿತ ಇದ್ದೇ ಇದೆ. ಇಲ್ಲಿ ಜೋರು ಮಾಡಬೇಡಿ. ಮಾತಾಡುತ್ತ ತುಳಿಯುವಷ್ಟು ನಿಧಾನ ಸಾಕು. ಮ್ಯೂಕರ್‌ನಲ್ಲಿ ಹಸಿವಿಲ್ಲದಿದ್ದರೂ ಏನಾದರೂ ತಿನ್ನಿ, ಬಾಟಲಿಗೆ ನೀರು ತುಂಬಿಸಿಕೊಳ್ಳಿ.

ಥ್ವೇಟ್ ದಾಟಿ ಸ್ವಲ್ಪ ದೂರಕ್ಕೆ ಎಡಕ್ಕೆ ತಿರುಗುವ ರಸ್ತೆಯೇ ಗುಡ್ಡಸಾಲು ದಾಟುವ ಬಟರ್‌ಟಬ್ಸ್ ದಾರಿ. ನೆತ್ತಿಯ ಎತ್ತರ 526 ಮೀಟರ್. 2014ರ ಟೂರ್ ಡಿ ಫ್ರಾನ್ಸ್‌ನ ಮೊದಲ ಹಂತ ಇದೇ ದಾರಿಯಲ್ಲಿ ಸಾಗಿತ್ತು, ಆದರೆ ವೆನ್ಸ್‌ಲಿಡೇಲಿನ ಹಾಸ್ ಊರಿನ ಕಡೆಯಿಂದ ಹತ್ತಿ ಈ ಕಡೆಗೆ ಇಳಿದಿತ್ತು. ಥ್ವೇಟ್ ಕಡೆಯ ಏರಿಗೆ ತಿರುವಿಗೂ ಮೊದಲೇ ಅತಿ ಹಗುರ ಗೇರಿಗೆ ಬನ್ನಿ. ಕಡಿದಾದ ಕಡೆ ಪೂರ್ತಿ ಬಲ ಹಾಕಿ ತುಳಿಯುತ್ತ ಗೇರ್ ಬದಲಿಸಿದರೆ ಚೈನ್ ಕಟಕಟ ಎಂದು ಒಳಗೆ ಜಾರಿ, ಫ್ರೇಮಿಗೂ ಹಲ್ಲುಚಕ್ರಕ್ಕೂ ನಡುವೆ ಸಿಕ್ಕಿಕೊಳ್ಳುತ್ತದೆ. ಮುಂದಿನ ಚಕ್ರ ಮೇಲೇಳುವಂತಿದ್ದರೆ ಸೀಟಿನ ಮುಂತುದಿಗೆ ಸರಿದು ಮೊಣಕೈ ಮಡಿಸಿ. ರಸ್ತೆ ಒದ್ದೆಯಾಗಿದ್ದರೆ ಎದ್ದುನಿಂತು ತುಳಿಯಬೇಡಿ. ಹಿಂದಿನ ಚಕ್ರ ಹಿಡಿತ ಬಿಟ್ಟು ಇದ್ದಲ್ಲೇ ಸುತ್ತುತ್ತದೆ. ನಡುವೆ ಇಳಿದವರು ಮತ್ತೆ ಹತ್ತಲು, ಹಿಂದೆ ಮುಂದೆ ವಾಹನವಿಲ್ಲದ್ದು ನೋಡಿಕೊಂಡು, ಸೈಕಲನ್ನು ರಸ್ತೆಗೆ ಅಡ್ಡಲಾಗಿ ಓರೆಯಾಗಿ ನಿಲ್ಲಿಸಿ ಹೊರಡಬೇಕು. ನೇರ ಮೇಲ್ಮುಖವಾಗಿ ಹೊರಡಲು ಹೋದರೆ ಎರಡನೆಯ ಕಾಲು ಪೆಡಲಿಗೆ ಸಿಗುವ ಮೊದಲೇ ಸೈಕಲ್ ನಿಂತುಬಿಡುತ್ತದೆ.

ನೆತ್ತಿಯ ಹತ್ತಿರ ರಸ್ತೆ ಬದಿಯಲ್ಲೇ ಸುಣ್ಣಕಲ್ಲಿನಲ್ಲಿ ನೀರು ಕೊರೆದ ಆಳವಾದ ಗುಂಡಿಗಳಿವೆ. ಸಂತೆಗೆ ಹೊರಟ ರೈತರು ದಣಿವಾರಿಸಿಕೊಳ್ಳುವಾಗ ಬೆಣ್ಣೆ ಕರಗದಿರಲೆಂದು ಈ ತಂಪಿನೊಳಗೆ ಇಳಿಬಿಡುತ್ತಿದ್ದರೆಂದು ಹೇಳುತ್ತಾರೆ; ಹೆಸರೂ ಅದರಿಂದಲೇ. ಅಂಚು ಜಾರುತ್ತದೆ, ಸೈಕಲ್ ಶೂ ಹಾಕಿಕೊಂಡು ಬಗ್ಗಿ ನೋಡಬೇಡಿ. ನೆತ್ತಿಯಲ್ಲಿ ನಿಂತ ಕೂಡಲೇ, ಬೆವರು ಆರುವ ಮುಂಚೆ, ಗಾಳಿತಡೆ ಜಾಕೆಟ್ ಮತ್ತು ಪೂರ್ತಿ ಬೆರಳಿನ ಕೈಗವಸು ಹಾಕಿ. ಕಣಿವೆಗಿಂತ ಇಲ್ಲಿ ಎರಡು ಡಿಗ್ರಿ ಕಡಿಮೆ ಇರುತ್ತದೆ. ಇಳಿಯುವಾಗಿನ ಗಾಳಿಗೆ ಬೆರಳು ಮರಗಟ್ಟಿದರೆ ಬ್ರೇಕ್ ಹಿಡಿಯುವುದೇ ಕಷ್ಟ.

ಇಳಿಯುವಾಗ

ಬ್ರೇಕನ್ನು ಉದ್ದಕ್ಕೂ ಮೆಲ್ಲಗೆ ಒತ್ತಿ ಹಿಡಿದುಕೊಂಡೇ ಇಳಿದರೆ ರಿಮ್ಮೂ ಡಿಸ್ಕೂ ಕಾಯುತ್ತವೆ. ಎರಡೂ ಬ್ರೇಕನ್ನು ಗಟ್ಟಿಯಾಗಿ ಒತ್ತಿ ವೇಗ ತಗ್ಗಿಸಿ, ಪೂರ್ತಿ ಬಿಡಿ, ಮತ್ತೆ ಒತ್ತಿ. ರಿಮ್ ಬ್ರೇಕಾದರೆ, ಮಳೆಯಲ್ಲಿ ಚಕ್ರದ ಮೊದಲ ಒಂದೆರಡು ಸುತ್ತು ಬರೀ ನೀರು ಒರೆಸುವುದಕ್ಕೇ ಹೋಗುತ್ತದೆ, ಹಿಡಿತ ಆಮೇಲೆ ಬರುತ್ತದೆ. ತಿರುವಿಗೆ ಅಷ್ಟು ಮುಂಚೆಯೇ ಕೈ ಹಾಕಿ.

ದನ, ಕುರಿ ದಾಟದಂತೆ ರಸ್ತೆಗೆ ಅಡ್ಡಲಾಗಿ ಕಬ್ಬಿಣದ ಸರಳು ಹಾಸಿದ ಗುಂಡಿಗಳು ಅಲ್ಲಲ್ಲಿ ಸಿಗುತ್ತವೆ. ಅವುಗಳಿಗೆ ಮುಂಚೆಯೇ ವೇಗ ಇಳಿಸಿ, ಸರಳಿಗೆ ನೇರ ಅಡ್ಡವಾಗಿ, ಪೆಡಲ್ ತುಳಿಯದೆ, ಬ್ರೇಕ್ ಮುಟ್ಟದೆ, ಹ್ಯಾಂಡಲ್ ತಿರುಗಿಸದೆ ದಾಟಿ. ಒದ್ದೆ ಸರಳಿನ ಮೇಲೆ ಓರೆಯಾಗಿ ಹೋದ ಮುಂದಿನ ಚಕ್ರ ಜಾರಿಯೇ ಜಾರುತ್ತದೆ.

ಗುಡ್ಡದ ಮೇಲೆ ಬೇಲಿಯಿಲ್ಲದ ಕಡೆ ಕುರಿಗಳು ರಸ್ತೆಯ ಮೇಲೆಯೇ ಮಲಗಿರುತ್ತವೆ. ದೊಡ್ಡ ಕುರಿ ಒಂಟಿಯಾಗಿದ್ದರೆ ಅಷ್ಟೇನೂ ಅಪಾಯವಿಲ್ಲ. ವಸಂತದಿಂದ ಬೇಸಿಗೆಯವರೆಗೆ ನೋಡಬೇಕಾದ್ದು ಮರಿಯನ್ನು. ತಾಯಿ ರಸ್ತೆಯ ಒಂದು ಕಡೆ, ಮರಿ ಇನ್ನೊಂದು ಕಡೆ ಇದ್ದರೆ, ಸೈಕಲಿನ ಸದ್ದಿಗೆ ಮರಿ ತಲೆ ಎತ್ತಿ, ಒಂದು ಗಳಿಗೆ ತಡೆದು, ನಿಮ್ಮ ಮುಂದಿನ ಚಕ್ರಕ್ಕೆ ಸರಿಯಾಗಿ ತಾಯಿಯ ಕಡೆ ನುಗ್ಗುತ್ತದೆ. ನಡೆಯುವ ವೇಗಕ್ಕೆ ಇಳಿಸಿ, ಅದು ದಾಟಲಿ. ಕುದುರೆ ಸವಾರರು ಎದುರಾದರೆ ನಿಧಾನಿಸಿ, ದೂರದಿಂದಲೇ ಮಾತಾಡಿಸಿ, ಅಗಲವಾಗಿ ಬಳಸಿ ಹೋಗಿ. ಸದ್ದಿಲ್ಲದೆ ಹಿಂದಿನಿಂದ ಬರುವ ಸೈಕಲಿಗೆ ಕುದುರೆ ಬೆಚ್ಚುತ್ತದೆ.

ಆಚೆ ಕಣಿವೆ, ಮತ್ತೆ ಗುಡ್ಡ

ಬಟರ್‌ಟಬ್ಸ್ ಇಳಿದ ಮೇಲೆ ಊಟಕ್ಕೆ ಹಾಸ್‌ಗೆ ಹೋಗಬಹುದು. ವೆನ್ಸ್‌ಲಿಡೇಲ್ ಚೀಸ್ ಮಾಡುವ ಊರು ಅದೇ. ಅಲ್ಲಿಂದ ನದಿಯ ದಕ್ಷಿಣ ದಂಡೆಯ ಹೆದ್ದಾರಿ ಬೇಡ. ಉತ್ತರ ದಂಡೆಯ ಸೆಡ್‌ಬಸ್ಕ್, ಆಸ್ಕ್‌ರಿಗ್, ಕಾರ್ಪರ್ಬಿ ರಸ್ತೆಯಲ್ಲಿ ವಾಹನ ಕಡಿಮೆ. ಹಳ್ಳಿಯ ಪಬ್‌ಗಳಲ್ಲಿ ಮಧ್ಯಾಹ್ನದ ಅಡುಗೆ ಎರಡು, ಎರಡೂವರೆಗೆ ನಿಲ್ಲಿಸಿಬಿಡುವುದುಂಟು. ಸಸ್ಯಾಹಾರಿಗಳು ಜೇಬಿನಲ್ಲಿ ಖರ್ಜೂರ, ಕಡಲೆಕಾಯಿ ಚಿಕ್ಕಿ ಇಟ್ಟುಕೊಂಡರೆ ಒಳ್ಳೆಯದು. ಮುಕ್ಕಾಲು ಗಂಟೆಗೊಮ್ಮೆ ತಿನ್ನಿ.

ಕಾರ್ಪರ್ಬಿಯ ಆಚೆಗಿನ ಬೋಲ್ಟನ್ ಕೋಟೆಯಲ್ಲಿ 1568–69ರಲ್ಲಿ ಸ್ಕಾಟ್ಲೆಂಡಿನ ರಾಣಿ ಮೇರಿಯನ್ನು ಸೆರೆಯಿಟ್ಟಿದ್ದರು. ಕೋಟೆಯ ಹತ್ತಿರದ ರೆಡ್‌ಮೈರ್ ಹಳ್ಳಿಯಿಂದ ಗ್ರಿಂಟನ್ ಕಡೆಗೆ ಹತ್ತುವುದು ಎರಡನೆಯ ಗುಡ್ಡ. ಬಟರ್‌ಟಬ್ಸ್‌ಗಿಂತ ತಗ್ಗು, ಆದರೆ ಕೈಕಾಲು ಸೋಲುವುದು ಇಲ್ಲಿಯೇ. ಗ್ರಿಂಟನ್ ಕಡೆಯ ಇಳಿಜಾರು ಕಡಿದು. ದಣಿದ ಕೈಯಲ್ಲಿ ಬ್ರೇಕ್ ಹಿಡಿಯಬೇಕಾದ್ದರಿಂದ ನೆತ್ತಿಯಲ್ಲಿ ಎರಡು ನಿಮಿಷ ನಿಂತು ಬೆರಳು ಬಿಚ್ಚಿ ಮಡಿಸಿ. ಗ್ರಿಂಟನ್‌ನಿಂದ ರೀತ್ ಕೂಗಳತೆಯಲ್ಲಿದೆ.

ಪಂಕ್ಚರ್, ಫೋನು

ಬೇಲಿಗಿಡ ಕತ್ತರಿಸಲು ರೈತರಿಗೆ ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ನಿಷೇಧವಿದೆ, ಹಕ್ಕಿ ಗೂಡು ಕಟ್ಟುವ ಕಾಲವೆಂದು. ಸೆಪ್ಟೆಂಬರಿನಿಂದ ಯಂತ್ರಗಳು ಬೇಲಿಗೆ ಇಳಿಯುತ್ತವೆ, ಹಾಥಾರ್ನ್ ಮುಳ್ಳು ರಸ್ತೆಗೆ ಬೀಳುತ್ತದೆ. ಟ್ಯೂಬು ಬದಲಿಸುವ ಮೊದಲು ಟೈರಿನ ಒಳಗೆ ಬೆರಳಾಡಿಸಿ ನೋಡಿ. ಮುಳ್ಳಿನ ಮೊನೆ ಒಳಗೆ ಒಂದು ಮಿಲಿಮೀಟರ್ ಮಾತ್ರ ಚಾಚಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಬೆರಳಿಗೂ ಸಿಗದಿದ್ದರೆ ಕಾಲುಚೀಲವನ್ನು ಒಳಗೆ ಉಜ್ಜಿ, ನೂಲು ಸಿಕ್ಕಿಕೊಂಡ ಜಾಗದಲ್ಲಿ ಮುಳ್ಳಿದೆ. ಅದನ್ನು ತೆಗೆಯದೆ ಹೊಸ ಟ್ಯೂಬು ಹಾಕಿದರೆ ಎರಡು ಕಿಲೋಮೀಟರಿನಲ್ಲಿ ಅದೂ ಹೋಗುತ್ತದೆ. ಎರಡು ಟ್ಯೂಬು, ತೇಪೆ ಪೆಟ್ಟಿಗೆ, ಕೈಪಂಪು, ಚೈನ್ ಕೊಂಡಿ ಒಂದು ಜೊತೆ ಇರಲಿ.

ಮೇಲಿನ ಸ್ವೇಲ್‌ಡೇಲಿನಲ್ಲಿ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ. ನಕ್ಷೆ ಕಾಗದದ್ದೂ ಇರಲಿ. ಗುಡ್ಡದಲ್ಲಿ ಬಿದ್ದು ಪೆಟ್ಟಾದರೆ 999ಕ್ಕೆ ಕರೆ ಮಾಡಿ ಪೊಲೀಸರನ್ನು ಕೇಳಿ, ಅವರು ಪರ್ವತ ರಕ್ಷಣಾ ತಂಡವನ್ನು ಕರೆಸುತ್ತಾರೆ.

ಸಂಜೆ ಸೈಕಲ್ ಒರಗಿಸುವ ಮೊದಲು ಬ್ರೇಕ್ ಪ್ಯಾಡಿಗೆ ಟಾರ್ಚ್ ಬಿಟ್ಟು ನೋಡಿ. ಮಳೆಯಲ್ಲಿ ಎದ್ದ ಕಲ್ಲಿನ ಹರಳು ರಬ್ಬರಿನಲ್ಲಿ ಹುಗಿದು ಕೂತಿದ್ದರೆ ಪಿನ್ನಿನ ತುದಿಯಿಂದ ಕಿತ್ತು ತೆಗೆಯಿರಿ, ಇಲ್ಲವಾದರೆ ಮರುದಿನದ ಇಳಿಜಾರಿನಲ್ಲಿ ಅದು ರಿಮ್ಮನ್ನು ಕೆರೆದುಹಾಕುತ್ತದೆ. ಡಿಸ್ಕ್ ಬ್ರೇಕಾದರೆ, ಪ್ಯಾಡಿನ ದಪ್ಪ ಒಂದು ಮಿಲಿಮೀಟರಿಗೆ ಬಂದಿದ್ದರೆ ಅಂದೇ ಬದಲಿಸಿ.